ಜಗಲಿ ಇಳಿಯದ ಕ್ಯಾಮೆರಾ

ಕಣ್ಣಿಗೆ ಸಂಬಂಧಿಸಿದ ಕಲೆಯೊಂದರ ಬಗ್ಗೆ ಕಿವಿಗಷ್ಟೇ ಕೇಳಿಸುವ ಬಾನುಲಿಯಲ್ಲಿ ಮಾತನಾಡಬೇಕಾಗಿ ಬಂದಿರುವುದು ಕೊಂಚ ವಿಚಿತ್ರವೇ ಸರಿ. ತೋರಿಸಲು ನನ್ನ ಬಳಿ ಚಿತ್ರವಿಲ್ಲ. ಬರೆದು ವಿವರಿಸೋಣವೆಂದರೆ ಕಪ್ಪು ಹಲಗೆಯೂ ಇಲ್ಲ. ಆದರೆ ಚಲನಚಿತ್ರವೊಂದು ಹುಟ್ಟುವ ಮೊದಲ ಹಂತದಲ್ಲಿ ಅದರ ಚಿತ್ರ ಎಲ್ಲಿಯೂ ಇರುವುದಿಲ್ಲವೆಂಬುದನ್ನು ನೆನೆದಾಗ ಈ ಸಂಕೋಚ ತುಸು ಕಡಿಮೆಯಾಗುತ್ತದೆ. ನಾಲ್ಕಾರು ಜನ ಒಂದೆಡೆ ಕುಳಿತು, ಮಾತಿನಲ್ಲಿಯೇ ಅದನ್ನು ಕಾಣಲು ಹೆಣಗುತ್ತಿರುತ್ತಾರೆ. ಇಂದು ನಾನು ಹೇಳಹೊರಟಿರುವುದು ಆ ಹೆಣಗಾಟದ ಮಾತನ್ನೇ. ಕ್ಯಾಮೆರಾವನ್ನು ಎಲ್ಲಿ ಇಡಬೇಕು, ಯಾವಾಗ ಅಲುಗಿಸಬೇಕು, ಯಾವಾಗ ಸುಮ್ಮನಿರಿಸಬೇಕು ಎಂಬುದನ್ನು ಚಿತ್ರೀಕರಣಕ್ಕೆ ಮೊದಲೇ ಹೇಗೆ ನಿಶ್ಚಯಿಸುತ್ತಾರೆ ಎಂಬುದು ವಿಷಯ. ದೊಡ್ಡ ನಿರ್ದೇಶಕರ ದೊಡ್ಡ ಚಿತ್ರಗಳನ್ನು ಬಿಟ್ಟು, ಒಂಬತ್ತು ನಿಮಿಷದ ಒಂದು ವಿದ್ಯಾರ್ಥಿ ಚಿತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅದರ ತಯಾರಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದೆರಡು ಕಡೆ ಮೂಗು ತೂರಿಸಿಯೂ ಇದ್ದೇನೆ.

ಯಲಹಂಕದಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ದೇವನಹಳ್ಳಿಯ ಕಡೆ ಹೋಗುವಾಗ ಹುಣಸಮಾರನಹಳ್ಳಿ ಸಿಗುತ್ತದೆ. ಹೆಸರಿನಲ್ಲೇ ಹುಣಸೆಯಿರುವ ಊರು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಆ ರಸ್ತೆಯ ಚಹರೆಯೇ ಬದಲಾಯಿತು. ವಿಮಾನ ಹಿಡಿಯುವ ಅವಸರದ ಜನರಿಗೆ ಅದು ಕಿಟಕಿಯಾಚೆ ಸರಿದುಹೋಗುವ ಒಂದು ಫಲಕ ಮಾತ್ರ. ಊರಿನೊಳಗೆ ಮಾತ್ರ ಇನ್ನೂ ಹಳೆಯ ಮನೆಗಳಿವೆ, ಜಗಲಿಗಳಿವೆ, ಒಂದೆರಡು ಹಸುಗಳನ್ನು ಕಟ್ಟಿಕೊಂಡು ಬದುಕುವವರಿದ್ದಾರೆ. ಕೆಲಸದಿಂದ ನಿವೃತ್ತನಾಗಿ ಯಲಹಂಕದಲ್ಲಿ ನೆಲೆಸಿರುವ ನನ್ನನ್ನು ಹುಡುಕಿಕೊಂಡು ಒಂದು ಜನವರಿಯ ಸಂಜೆ ಐವರು ವಿದ್ಯಾರ್ಥಿಗಳು ಬಂದರು. ಛಾಯಾಗ್ರಹಣವನ್ನು ಕಲಿಸಿ ಜೀವನ ಸವೆಸಿದವನೆಂದು ಯಾರೋ ಹೇಳಿದ್ದರಂತೆ. ಅವರಲ್ಲಿ ಒಬ್ಬಳು ಹುಣಸಮಾರನಹಳ್ಳಿಯವಳು. ಚಿತ್ರ ಅವಳ ಅಜ್ಜಿಯದು.

ಕಥೆ ಎನ್ನುವಂಥದು ಹೆಚ್ಚೇನೂ ಇರಲಿಲ್ಲ. ಎಪ್ಪತ್ತು ದಾಟಿದ ಅಜ್ಜಿ, ಒಂದು ಹಸು. ಮನೆಯ ಮುಂದೆಯೇ ಹೆದ್ದಾರಿಗೆ ಸೇರುವ ರಸ್ತೆ. ರಸ್ತೆಯಾಚೆ ಹಾಲಿನ ಡೇರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಜ್ಜಿ ಹಾಲಿನ ಕ್ಯಾನು ಹಿಡಿದು ಹೋಗಿ ಹಾಲು ಹಾಕಿ ಬರುತ್ತಾಳೆ. ಈ ಹುಡುಗಿ ಚಿಕ್ಕವಳಿದ್ದಾಗ ಅಜ್ಜಿ ಅವಳನ್ನು ಜಗಲಿಯ ಮೇಲೆ ಕೂರಿಸಿ, 'ನಾನು ಬರೋ ತನಕ ಕೆಳಗಿಳೀಬೇಡ' ಎಂದು ಹೇಳಿ ಹೋಗುತ್ತಿದ್ದಳಂತೆ. ಅಜ್ಜಿ ಬರುವವರೆಗೂ ಮಗುವಿಗೆ ಜೀವದಲ್ಲಿ ಜೀವವಿರುತ್ತಿರಲಿಲ್ಲ. ಇಷ್ಟೇ ಕಥೆ. ಚಿತ್ರಕಥೆಯ ಹಾಳೆಯಲ್ಲಿ ಕೊನೆಯ ವಾಕ್ಯ ಹೀಗಿತ್ತು: 'ಅಜ್ಜಿ ರಸ್ತೆ ದಾಟುತ್ತಾಳೆ.'

ಕಾದಂಬರಿಕಾರನಾದರೆ ಈ ವಾಕ್ಯವನ್ನು ಬರೆದು ಮುಂದಕ್ಕೆ ಹೋಗಬಹುದು. ಎಲ್ಲಿಂದ ನೋಡಿದಾಗ ಆಕೆ ದಾಟಿದಳು, ಮುಖ ಕಾಣುತ್ತಿತ್ತೇ ಬೆನ್ನು ಕಾಣುತ್ತಿತ್ತೇ, ಬಿಸಿಲಿತ್ತೇ ನೆರಳಿತ್ತೇ ಎಂದು ಓದುಗ ಕೇಳುವುದಿಲ್ಲ. ಬೇಕಾದರೆ ತಾನೇ ಕಲ್ಪಿಸಿಕೊಳ್ಳುತ್ತಾನೆ. ಕ್ಯಾಮೆರಾಕ್ಕೆ ಈ ಸ್ವಾತಂತ್ರ್ಯವಿಲ್ಲ. ಅದು ಎಲ್ಲಿಯೋ ಒಂದು ಕಡೆ ನಿಲ್ಲಲೇಬೇಕು. ನಿಂತ ಕೂಡಲೇ ಒಂದಷ್ಟು ಕಾಣುತ್ತದೆ, ಮಿಕ್ಕದ್ದೆಲ್ಲ ಮರೆಯಾಗುತ್ತದೆ. ಹಾಗೆ ಒಂದು ಕಡೆ ನಿಂತ ಕ್ಯಾಮೆರಾ ತಡೆಯಿಲ್ಲದೆ ಗ್ರಹಿಸಿದ ತುಣುಕನ್ನು ಇಂಗ್ಲಿಷಿನಲ್ಲಿ ಶಾಟ್ ಎನ್ನುತ್ತಾರೆ. ಕನ್ನಡದಲ್ಲಿ ಚಿತ್ರಿಕೆ ಎನ್ನುವ ಚೆಲುವಾದ ಮಾತು ಬಳಕೆಗೆ ಬಂದಿದೆ. ಹಲವು ಚಿತ್ರಿಕೆಗಳು ಸೇರಿ ದೃಶ್ಯ, ಹಲವು ದೃಶ್ಯಗಳು ಸೇರಿ ಚಿತ್ರ. ವ್ಯಾಕರಣದ ಪದ, ವಾಕ್ಯ, ಪ್ರಕರಣಗಳ ಹೋಲಿಕೆಯನ್ನು ಇಲ್ಲಿ ಕೆಲವರು ತರುತ್ತಾರೆ. ನನಗೆ ಆ ಹೋಲಿಕೆ ಅಷ್ಟಾಗಿ ಒಪ್ಪಿಗೆಯಿಲ್ಲ. ಪದಕ್ಕೆ ನಿಘಂಟಿದೆ, ಚಿತ್ರಿಕೆಗೆ ನಿಘಂಟಿಲ್ಲ.

ವಿದ್ಯಾರ್ಥಿಗಳು ಆ ಒಂದು ವಾಕ್ಯವನ್ನು ನಲವತ್ತೊಂದು ಚಿತ್ರಿಕೆಗಳಾಗಿ ಒಡೆದಿದ್ದರು. ಅವುಗಳಲ್ಲಿ ಹದಿನೇಳರಲ್ಲಿ ಕ್ಯಾಮೆರಾ ಚಲಿಸುತ್ತಿತ್ತು. ಒಂದರಲ್ಲಿ ಅಜ್ಜಿಯ ಜೊತೆಜೊತೆಗೇ ರಸ್ತೆ ದಾಟುತ್ತಿತ್ತು. ಇನ್ನೊಂದರಲ್ಲಿ ಆಕೆಯ ಸುತ್ತ ಪ್ರದಕ್ಷಿಣೆ ಹಾಕುತ್ತಿತ್ತು. ಮತ್ತೊಂದರಲ್ಲಿ ಆಕಾಶಕ್ಕೇರಿ ಊರನ್ನೆಲ್ಲ ತೋರಿಸುತ್ತಿತ್ತು. ಪ್ರತಿಯೊಂದಕ್ಕೂ ಚೌಕದೊಳಗೆ ಅಚ್ಚುಕಟ್ಟಾದ ರೇಖಾಚಿತ್ರ ಬರೆದಿದ್ದರು. ಶ್ರದ್ಧೆಗೆ ಕೊರತೆಯಿರಲಿಲ್ಲ. ನಾನು ಮೊದಲು ಕೇಳಿದ್ದು ಲೆಕ್ಕವನ್ನು.

ಕ್ಯಾಮೆರಾ ಎರವಲು ತಂದದ್ದು. ಶನಿವಾರ ಮತ್ತು ಭಾನುವಾರ, ಎರಡೇ ದಿನ ಅವರ ಕೈಯಲ್ಲಿರುತ್ತದೆ. ಫೆಬ್ರವರಿ ನಡುವಿನಲ್ಲಿ ಬೆಂಗಳೂರಿನ ಕಡೆ ಬೆಳಿಗ್ಗೆ ಆರೂಮುಕ್ಕಾಲರಿಂದ ಒಂಬತ್ತರವರೆಗೆ, ಸಂಜೆ ನಾಲ್ಕರಿಂದ ಆರೂಕಾಲರವರೆಗೆ ಓರೆಬಿಸಿಲು ಹದವಾಗಿರುತ್ತದೆ. ನಡುಹಗಲಿನ ಬಿಸಿಲಿನಲ್ಲಿ ಕಣ್ಣುಗುಳಿಗಳಿಗೆ ಕಪ್ಪು ನೆರಳು ಬಿದ್ದು ಮುಖ ಕೆಡುತ್ತದೆ. ನಮ್ಮ ಅಕ್ಷಾಂಶ ಸುಮಾರು 13 ಡಿಗ್ರಿ. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ಸೂರ್ಯ ನೇರ ನೆತ್ತಿಯ ಮೇಲೆಯೇ ಬಂದು ನಿಂತ ಕಂಬಕ್ಕೆ ನೆರಳೇ ಇಲ್ಲದಂತಾಗುವುದನ್ನು ನೀವು ಗಮನಿಸಿರಬಹುದು. ಹಾಗಾಗಿ ಅವರಿಗೆ ದಕ್ಕುವುದು ದಿನಕ್ಕೆ ನಾಲ್ಕೂವರೆ ಗಂಟೆ, ಎರಡು ದಿನಕ್ಕೆ ಒಂಬತ್ತು ಗಂಟೆ. ಕ್ಯಾಮೆರಾವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತು, ಮಟ್ಟ ನೋಡಿ, ಬೆಳಕನ್ನು ಅಳೆದು, ಒಮ್ಮೆ ತಾಲೀಮು ಮಾಡಿ ಚಿತ್ರೀಕರಿಸಲು ಹೊಸಬರಿಗೆ ಇಪ್ಪತ್ತೈದು ನಿಮಿಷವಾದರೂ ಬೇಕು. ಒಂಬತ್ತು ಗಂಟೆಯಲ್ಲಿ ಇಪ್ಪತ್ತೊಂದು ಚಿತ್ರಿಕೆಗಳಾದವು. ಅವರ ಪಟ್ಟಿಯ ಅರ್ಧಭಾಗ ಅಲ್ಲಿಯೇ ಬಿದ್ದುಹೋಯಿತು.

ಎರಡನೆಯ ಲೆಕ್ಕ ಇದಕ್ಕಿಂತ ಮುಖ್ಯವಾದದ್ದು. 'ನಿಮ್ಮ ಅಜ್ಜಿ ಈ ನಲವತ್ತೊಂದು ಚಿತ್ರಿಕೆಗಳಿಗಾಗಿ ಎಷ್ಟು ಸಲ ರಸ್ತೆ ದಾಟಬೇಕು?' ಎಂದೆ. ಹುಡುಗಿ ಲೆಕ್ಕ ಹಾಕಿ ಮೌನವಾದಳು. ಒಂದೊಂದನ್ನು ಎರಡೆರಡು ಸಲ ತೆಗೆದರೂ ಆ ಮುದುಕಿ ಐವತ್ತು ಅರವತ್ತು ಬಾರಿ ನೀರಿನ ಟ್ಯಾಂಕರು, ಕಾಲೇಜಿನ ಬಸ್ಸುಗಳ ನಡುವೆ ಓಡಾಡಬೇಕಾಗುತ್ತಿತ್ತು. ಅಜ್ಜಿಗೆ ಏನಾದರೂ ಆದೀತೆಂಬ ಭಯವನ್ನು ತೋರಿಸಲು ಹೊರಟ ಚಿತ್ರ, ಆ ಭಯವನ್ನು ನಿಜಮಾಡಲು ಹೊರಟಂತಿತ್ತು. ಆಗ ಒಂದು ನಿರ್ಧಾರಕ್ಕೆ ಬಂದೆವು: ಅಜ್ಜಿ ತನ್ನ ಕೆಲಸಕ್ಕಾಗಿ ಎಷ್ಟು ಸಲ ದಾಟುತ್ತಾಳೋ ಅಷ್ಟೇ. ಚಿತ್ರಕ್ಕಾಗಿ ಒಂದು ಸಲವೂ ಹೆಚ್ಚಿಗೆ ದಾಟಿಸಕೂಡದು. ದಿನಕ್ಕೆ ಹೋಗುವುದು ಎರಡು, ಬರುವುದು ಎರಡು. ಎರಡು ದಿನಕ್ಕೆ ಎಂಟು. ಅದರಲ್ಲಿ ತುಂಬಿದ ಕ್ಯಾನಿನೊಂದಿಗೆ ನಾಲ್ಕು, ಬರಿದಾದ ಕ್ಯಾನಿನೊಂದಿಗೆ ನಾಲ್ಕು. ತುಂಬಿದ ಕ್ಯಾನು ಹಿಡಿದಾಗ ಮೈ ಒಂದು ಪಕ್ಕಕ್ಕೆ ವಾಲುತ್ತದೆ, ಇನ್ನೊಂದು ಕೈ ಗಾಳಿಯಲ್ಲಿ ತೂಗುತ್ತದೆ. ಬರಿದಾದಾಗ ಕ್ಯಾನು ಓಲಾಡುತ್ತದೆ, ನಡಿಗೆ ಹಗುರವಾಗುತ್ತದೆ. ಇದನ್ನು ನಟಿಸಿ ತೋರಿಸುವಂತೆ ಆ ತಾಯಿಯನ್ನು ಕೇಳುವುದು ಹುಡುಗಾಟವಾದೀತು.

ಎಂಟೇ ಅವಕಾಶಗಳೆಂದ ಮೇಲೆ ಪ್ರತಿಯೊಂದನ್ನು ಎಲ್ಲಿಂದ ನೋಡಬೇಕೆಂಬುದು ಜೀವನ್ಮರಣದ ಪ್ರಶ್ನೆಯಾಯಿತು. ಐವರಲ್ಲಿ ಒಬ್ಬ, ಎದುರು ಸಾಲಿನ ಮಹಡಿಯೊಂದರ ಮೇಲೆ ನಿಂತು ಉದ್ದ ನಾಭಿದೂರದ ಮಸೂರದಿಂದ ತೆಗೆಯೋಣವೆಂದ. ದೂರದ್ದನ್ನು ಹತ್ತಿರಕ್ಕೆ ತರುವ ಮಸೂರವದು. ಅದಕ್ಕೊಂದು ಗುಣವಿದೆ, ಹಿಂದುಮುಂದಿನ ಅಂತರವನ್ನು ಅದು ನುಂಗಿಬಿಡುತ್ತದೆ. ನಲವತ್ತು ಅಡಿ ಹಿಂದಿರುವ ಬಸ್ಸು ಅಜ್ಜಿಯ ಬೆನ್ನಿಗೇ ತಾಗಿದಂತೆ ಕಾಣುತ್ತದೆ. ನೋಡುವವರ ಎದೆ ಝಲ್ಲೆನ್ನುವುದು ಖಂಡಿತ. ಆದರೆ ಆ ಭಯ ಯಾರದು? ಅಜ್ಜಿಯನ್ನು ನಾನು ಅಷ್ಟರಲ್ಲಿ ಎರಡು ಬಾರಿ ನೋಡಿದ್ದೆ. ಆಕೆಗೆ ರಸ್ತೆಯ ಭಯ ಎಳ್ಳಷ್ಟೂ ಇರಲಿಲ್ಲ. ಕೈ ಎತ್ತಿ, ಟ್ಯಾಂಕರಿನವನನ್ನು ಗದರಿಸಿ, ತನ್ನ ಹೊಲದ ಬದುವಿನ ಮೇಲೆ ನಡೆದಂತೆ ನಡೆದುಹೋಗುತ್ತಿದ್ದಳು. ಮಹಡಿಯ ಮೇಲಿನಿಂದ ನೋಡುವವನಿಗೂ ಅದು ಭಯವಾಗಿರಲಾರದು. ಅವನಿಗದು ಒಂದು ದೃಶ್ಯ, ಅಷ್ಟೇ. ಭಯ ಇದ್ದದ್ದು ಜಗಲಿಯ ಮೇಲೆ ಕುಳಿತ ಮಗುವಿಗೆ.

ಇಲ್ಲಿ 'ಘಟಶ್ರಾದ್ಧ'ದ ನೆನಪಾಗುವುದು ಸಹಜ. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು, 'ಅವಶೇಷ್' ಎಂಬ ಡಿಪ್ಲೊಮಾ ಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಪಡೆದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ತಮ್ಮ ಮೊದಲ ಚಿತ್ರವಾಗಿ ಅದನ್ನು ನಿರ್ದೇಶಿಸಿದರು, ಛಾಯಾಗ್ರಹಣ ಎಸ್. ರಾಮಚಂದ್ರ ಅವರದು. ಅನಂತಮೂರ್ತಿಯವರ ಕಥೆಯಲ್ಲಿ ಯಮುನಕ್ಕನ ದುರಂತವನ್ನು ನಾವು ಕಾಣುವುದು ವೇದಪಾಠಕ್ಕೆಂದು ಬಂದ ನಾಣಿ ಎಂಬ ಹುಡುಗನ ಮೂಲಕ. ಹುಡುಗನಿಗೆ ಎಲ್ಲವೂ ಕಾಣುವುದಿಲ್ಲ, ಕಂಡದ್ದೆಲ್ಲವೂ ಅರ್ಥವಾಗುವುದಿಲ್ಲ. ಆ ಚಿತ್ರದ ಶಕ್ತಿಯ ಬಹುಪಾಲು ಈ ಅರ್ಧ ತಿಳಿವಳಿಕೆಯಲ್ಲಿದೆಯೆಂದು ನನ್ನ ನಂಬಿಕೆ. ಸಾಹಿತ್ಯದಲ್ಲಿ ನಾವು ನಿರೂಪಕನ ದೃಷ್ಟಿಕೋನವೆಂದು ಕರೆಯುವುದಕ್ಕೆ ಚಲನಚಿತ್ರದಲ್ಲಿ ಅಡಿ ಅಂಗುಲಗಳ ಲೆಕ್ಕವೂ ಉಂಟು. ಮಗುವಿನ ಕಣ್ಣೆಂದರೆ ಮಗುವಿನ ಎತ್ತರ. ಜಪಾನಿನ ಓಝು ತಮ್ಮ ಕ್ಯಾಮೆರಾವನ್ನು ಚಾಪೆಯ ಮೇಲೆ ಕುಳಿತವರ ಎತ್ತರಕ್ಕೆ ಇಳಿಸಿದರು. ಕೊನೆಯ ಚಿತ್ರಗಳಲ್ಲಿ ಬಹುಮಟ್ಟಿಗೆ ಅದನ್ನು ಅಲುಗಿಸಲೇ ಇಲ್ಲ. ಆ ಮನೆಗಳಲ್ಲಿ ನಾವೂ ಚಾಪೆಯ ಮೇಲೆ ಕುಳಿತಿದ್ದೇವೆಂಬ ಭಾವ ಬರುವುದು ಅದರಿಂದಲೇ.

ಹೀಗೆ ಮಾತು ಬೆಳೆದು, ಹುಡುಗಿ ತಾನಾಗಿಯೇ ಹೇಳಿದಳು: 'ಸರ್, ಕ್ಯಾಮೆರಾ ಜಗಲಿ ಇಳೀಬಾರದು.' ಆ ಒಂದು ವಾಕ್ಯದಿಂದ ಮಿಕ್ಕದ್ದೆಲ್ಲ ತಾನೇ ತಾನಾಗಿ ಗೊತ್ತಾಗುತ್ತ ಹೋಯಿತು. ಎತ್ತರ: ಜಗಲಿಯಿಂದ ಎರಡು ಅಡಿ, ಕುಳಿತ ಎಂಟು ವರ್ಷದ ಮಗುವಿನ ಕಣ್ಣಿನ ಮಟ್ಟ. ಮಸೂರ: ದೂರವನ್ನು ಎಳೆದು ತರದ, ಅಗಲವನ್ನು ಹಿಗ್ಗಿಸದ, ಬರಿಗಣ್ಣಿಗೆ ಹತ್ತಿರವಾದ 50 ಮಿಲಿಮೀಟರಿನದು. ಚಲನೆ: ಮಗು ಕತ್ತು ತಿರುಗಿಸಿದಷ್ಟು.

ಚಲನೆಯ ಬಗ್ಗೆ ಒಂದೆರಡು ಮಾತು ಹೆಚ್ಚಿಗೆ ಹೇಳಬೇಕು. ಕ್ಯಾಮೆರಾ ನಿಂತಲ್ಲೇ ನಿಂತು ಎಡಬಲಕ್ಕೆ ತಿರುಗಿದರೆ ಅದನ್ನು ಪ್ಯಾನ್ ಎನ್ನುತ್ತಾರೆ, ಮೇಲೆ ಕೆಳಗೆ ಬಾಗಿದರೆ ಟಿಲ್ಟ್. ಇವು ಕತ್ತಿನ ಚಲನೆಗಳು. ಕ್ಯಾಮೆರಾ ತಾನೇ ನೆಲದ ಮೇಲೆ ಸರಿದರೆ ಅದು ಟ್ರ್ಯಾಕಿಂಗ್ ಅಥವಾ ಟ್ರಾಲಿ. ಅದು ಕಾಲಿನ ಚಲನೆ. ಜೂಮ್ ಎಂಬುದೊಂದಿದೆ. ಅದನ್ನೂ ಟ್ರಾಲಿಯನ್ನೂ ಒಂದೇ ಎಂದು ತಿಳಿಯುವವರು ಬಹಳ ಮಂದಿ. ಜೂಮಿನಲ್ಲಿ ಕ್ಯಾಮೆರಾ ನಿಂತಲ್ಲೇ ಇರುತ್ತದೆ. ಇದ್ದ ಚಿತ್ರವೇ ದೊಡ್ಡದಾಗುತ್ತದೆ. ಮುಂದಿನ ಕಂಬವೂ ಹಿಂದಿನ ಮನೆಯೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಟ್ರಾಲಿಯಲ್ಲಿ ಹಾಗಲ್ಲ, ನಾವು ಮುಂದೆ ನಡೆದಂತೆ ಹತ್ತಿರದ ಕಂಬ ಬೇಗ ಬೆಳೆದು ಪಕ್ಕಕ್ಕೆ ಸರಿಯುತ್ತದೆ, ಹಿಂದಿನ ಮನೆ ನಿಧಾನವಾಗಿ ಬಯಲಾಗುತ್ತದೆ. ಕಂಬ ಮರೆಮಾಡಿದ್ದನ್ನು ಟ್ರಾಲಿ ಕಾಣಿಸಬಲ್ಲುದು, ಜೂಮು ಎಂದಿಗೂ ಕಾಣಿಸಲಾರದು. ಮರೆಯಲ್ಲಿರುವುದನ್ನು ನೋಡಬೇಕೆಂಬ ಬಯಕೆ ಕಥೆಯಲ್ಲಿದ್ದರೆ ಮಾತ್ರ ಕ್ಯಾಮೆರಾಕ್ಕೆ ಕಾಲು ಕೊಡಬೇಕೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದುಂಟು.

ಇದನ್ನು ನಾನು ಕಲಿತದ್ದು ನಷ್ಟದಿಂದ. ಸುಮಾರು ಐವತ್ತು ವರ್ಷಗಳ ಹಿಂದೆ, ನಾನೇ ವಿದ್ಯಾರ್ಥಿಯಾಗಿದ್ದಾಗ, ಹಳ್ಳಿಯೊಂದರ ಮುದಿ ಕಮ್ಮಾರನ ಬಗ್ಗೆ ಕಿರುಚಿತ್ರ ತೆಗೆಯಹೊರಟೆ. ಆಗ 16 ಮಿಲಿಮೀಟರಿನ ಫಿಲಂ. 400 ಅಡಿಯ ಒಂದು ಸುರುಳಿ ಹನ್ನೊಂದು ನಿಮಿಷ ಓಡಿದರೆ ಮುಗಿಯಿತು. ಕೊನೆಯ ದಿನಕ್ಕೆ ಒಂದೇ ಸುರುಳಿ ಉಳಿದಿತ್ತು. ಕುಲುಮೆಯ ಸುತ್ತ ಅರ್ಧಚಂದ್ರಾಕಾರವಾಗಿ ಹಳಿ ಹಾಸಿ, ಕ್ಯಾಮೆರಾವನ್ನು ಆ ಮುದುಕನ ಸುತ್ತ ಜಾರಿಸಿ, ನೋಡಿದವರು ಬೆರಗಾಗಬೇಕೆಂದು ನನ್ನ ಹಂಬಲ. ಮೊದಲ ಸಲ ಹಳಿ ಅಲುಗಿತು, ಎರಡನೆಯ ಸಲ ಹೊಗೆ ಅಡ್ಡಬಂತು, ಮೂರನೆಯ ಸಲ ನನ್ನ ನೆರಳೇ ಚೌಕಟ್ಟಿನೊಳಗೆ ಬಿತ್ತು. ಆರನೆಯದು ಸರಿಯಾಯಿತೆನ್ನುವಷ್ಟರಲ್ಲಿ ಸುರುಳಿ ಮುಗಿದಿತ್ತು. ಅವನ ಮುಖದ ಒಂದು ಸಮೀಪ ಚಿತ್ರಿಕೆಯೂ, ಸುತ್ತಿಗೆ ಹಿಡಿದ ಕೈಯ ಒಂದು ಚಿತ್ರಿಕೆಯೂ ನನ್ನಲ್ಲಿ ಉಳಿಯಲಿಲ್ಲ. ಮರುವರ್ಷ ಆ ಊರಿಗೆ ಹೋದಾಗ ಕುಲುಮೆಯಿರಲಿಲ್ಲ, ಕಮ್ಮಾರನೂ ಇರಲಿಲ್ಲ. ಇಂದು ಆ ಚಿತ್ರವನ್ನು ನೋಡಿದರೆ ನನ್ನ ಹಳಿಗಳ ಚಮತ್ಕಾರ ಕಾಣುತ್ತದೆ. ಅವನ ಕಣ್ಣು ಯಾವ ಬಣ್ಣದ್ದೆಂಬುದು ನನಗೆ ನೆನಪಿಲ್ಲ.

ಈಗಿನವರಿಗೆ ಸುರುಳಿ ಮುಗಿಯುವ ಭಯವಿಲ್ಲ. ಆದರೆ ಬೆಳಕು ಮುಗಿಯುತ್ತದೆ, ಮನುಷ್ಯರ ತಾಳ್ಮೆ ಮುಗಿಯುತ್ತದೆ. ಸತ್ಯಜಿತ್ ರಾಯ್ ಅವರು 'ಪಥೇರ್ ಪಾಂಚಾಲಿ'ಗೆಂದು ಮೊದಲ ಬಾರಿಗೆ 1952ರಲ್ಲಿ ಕ್ಯಾಮೆರಾ ಹೂಡಿದ್ದು ಕಾಶ ಹುಲ್ಲಿನ ಬಯಲಿನಲ್ಲಿ. ಒಂದು ದಿನ ಕೆಲಸ ಮಾಡಿ ಮುಂದಿನ ವಾರ ಮರಳಿದರೆ ಬಿಳಿಯ ಹೂವನ್ನೆಲ್ಲ ದನಗಳು ಮೇದುಬಿಟ್ಟಿದ್ದವು; ಮುಂದಿನ ಹೂಬಿಡುವ ಋತುವಿಗಾಗಿ ಕಾಯಬೇಕಾಯಿತು. ಆ ಮೊದಲ ದಿನವೇ ಅವರಿಗೆ ಇನ್ನೊಂದು ಸಂಗತಿ ತಿಳಿಯಿತು. ಹುಲ್ಲಿನ ನಡುವೆ ಅಕ್ಕನನ್ನು ಹುಡುಕುತ್ತ ನಡೆಯಬೇಕಾದ ಬಾಲಕ ಅಪು ಸುಮ್ಮನೆ ನೇರವಾಗಿ ನಡೆದುಬಿಡುತ್ತಿದ್ದ. ಆಗ ಸಹಾಯಕರನ್ನು ಹುಲ್ಲಿನಲ್ಲಿ ಅಲ್ಲಲ್ಲಿ ಅಡಗಿಸಿ ಹೆಸರು ಹಿಡಿದು ಕೂಗಿಸಿದರು. ದಾಟಿ ಹೋಗುವಂತೆ ದಾರಿಯಲ್ಲಿ ಚಿಕ್ಕಪುಟ್ಟ ಅಡೆತಡೆಗಳನ್ನು ಇಟ್ಟರು. ಮಗು ನಿಂತು, ತಿರುಗಿ, ಅನುಮಾನಿಸಿ ನಡೆಯಿತು. ರಾಯ್ ಅವರು ಚಿತ್ರಿಕೆಗಳನ್ನು ಮೊದಲೇ ರೇಖೆಗಳಲ್ಲಿ ಬರೆದುಕೊಳ್ಳುತ್ತಿದ್ದುದು ಪ್ರಸಿದ್ಧ. ಲೆಕ್ಕ ಬರೆಯುವ ಕೆಂಪು ಬಟ್ಟೆಯ ರಟ್ಟಿನ ಪುಸ್ತಕಗಳಲ್ಲಿ ಅವರ ಹಲವು ಚಿತ್ರಗಳು ಮೊದಲು ಹುಟ್ಟಿದವು. ಆದರೆ ಮಗುವಿನ ಹೆಜ್ಜೆ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ನಾನು ವಿದ್ಯಾರ್ಥಿಗಳಿಗೆ ಚೌಕಗಳಲ್ಲಿ ಚಿತ್ರ ಬರೆಯುವುದನ್ನು ಸದ್ಯಕ್ಕೆ ನಿಲ್ಲಿಸಿ, ನೆಲದ ನಕ್ಷೆ ಬರೆಯಲು ಹೇಳಿದೆ. ಹಕ್ಕಿಯೊಂದು ಮೇಲಿನಿಂದ ನೋಡಿದಂತೆ ಮನೆ, ಜಗಲಿ, ರಸ್ತೆ, ಡೇರಿ. ಅಜ್ಜಿ ನಡೆಯುವ ದಾರಿಗೊಂದು ಬಾಣದ ಗುರುತು. ಕ್ಯಾಮೆರಾ ನಿಲ್ಲುವಲ್ಲಿ ಒಂದೊಂದು ಅಂಕಿ. ಮನೆ ಪಶ್ಚಿಮಕ್ಕೆ, ಡೇರಿ ಪೂರ್ವಕ್ಕೆ. ಈ ನಕ್ಷೆಯನ್ನು ನೋಡಿದ ಕೂಡಲೇ, ರೇಖಾಚಿತ್ರಗಳಲ್ಲಿ ಎಲ್ಲಿಯೂ ಕಾಣದಿದ್ದ ಸಂಗತಿಗಳು ಕಂಡವು. ಜಗಲಿಯಿಂದ ನೋಡಿದರೆ ಅಜ್ಜಿ ಹಾಲು ಹೊತ್ತು ಹೋಗುವಾಗ ಬೆನ್ನು ಮಾತ್ರ ಕಾಣುತ್ತದೆ. ಮುಖ ಕಾಣುವುದು ಹಿಂತಿರುಗುವಾಗ. ಬೆಳಿಗ್ಗೆ ಎದುರುಬಿಸಿಲು, ಆಕೆ ಹೋಗುವಾಗಲೂ ಬರುವಾಗಲೂ ಕಪ್ಪು ಆಕೃತಿಯಾಗಿಯೇ ತೋರುತ್ತಾಳೆ. ಸಂಜೆ ಸೂರ್ಯ ನಮ್ಮ ಬೆನ್ನಿಗಿರುವುದರಿಂದ, ಬರುವವಳ ಮುಖದ ಮೇಲೆ ನೇರವಾಗಿ ಬೆಳಕು ಬೀಳುತ್ತದೆ. ಅಂದರೆ ಇಡೀ ಚಿತ್ರದಲ್ಲಿ ಅಜ್ಜಿಯ ಮುಖ ಬೆಳಗುವ ಅವಕಾಶ ಎರಡೇ ಎರಡು: ಶನಿವಾರ ಸಂಜೆಯ ಮರಳುವಿಕೆ, ಭಾನುವಾರ ಸಂಜೆಯ ಮರಳುವಿಕೆ.

ಒಬ್ಬ ಹುಡುಗ, ಡೇರಿಯ ಕಡೆಯಿಂದಲೂ ಒಂದು ಚಿತ್ರಿಕೆ ತೆಗೆದರೆ ಹೋಗುವಾಗಿನ ಮುಖವೂ ಸಿಕ್ಕೀತಲ್ಲ ಎಂದ. ಸಿಕ್ಕೀತು. ಆದರೆ ಮಗು ಜಗಲಿಯ ಮೇಲೆಯೇ ಇರುವಾಗ ಅಲ್ಲಿ ನಿಂತು ನೋಡುತ್ತಿರುವವರು ಯಾರು? ನಡೆಯುವ ದಿಕ್ಕಿನ ತೊಡಕೂ ಅದರಲ್ಲಿದೆ. ನಡೆಯುವವರ ದಾರಿಯನ್ನು ಒಂದು ಗೆರೆಯೆಂದು ಭಾವಿಸಿ, ಕ್ಯಾಮೆರಾ ಆ ಗೆರೆಯ ಒಂದೇ ಪಕ್ಕದಲ್ಲಿರಬೇಕೆಂಬುದು ಹಳೆಯ ಕಟ್ಟಳೆ. ಗೆರೆ ದಾಟಿ ಆಚೆ ಪಕ್ಕಕ್ಕೆ ಹೋದರೆ ಎಡದಿಂದ ಬಲಕ್ಕೆ ಹೋಗುತ್ತಿದ್ದವಳು ಬಲದಿಂದ ಎಡಕ್ಕೆ ಹೋಗುವಂತೆ ಕಂಡು, ಹೊರಟವಳು ಹಿಂತಿರುಗಿದಳೆಂಬ ಭ್ರಮೆ ಹುಟ್ಟುತ್ತದೆ. ಈ ಕಟ್ಟಳೆಯನ್ನು ಬಲ್ಲವರು ಬೇಕೆಂದೇ ಮುರಿಯುವುದುಂಟು; ನಮಗೆ ಆ ಉಸಾಬರಿ ಬೇಡವೆನಿಸಿತು.

ಬೆಳಕಿನ ಮಾತು ಬಂದಾಗ ವಿ. ಕೆ. ಮೂರ್ತಿಯವರನ್ನು ನೆನೆಯದೆ ಇರಲಾರೆ. ಮೈಸೂರಿನವರು; ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಹೊರಬಂದವರು. ಗೋವಿಂದ ನಿಹಲಾನಿಯವರು ಓದಿದ್ದೂ ಅಲ್ಲಿಯೇ. ಆ ಪರಂಪರೆಯ ಸರ್ಕಾರಿ ಸಂಸ್ಥೆ ಈಗ ಯಲಹಂಕದ ಪಶ್ಚಿಮಕ್ಕಿರುವ ಹೆಸರಘಟ್ಟದಲ್ಲಿದೆ. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ, ಕತ್ತಲೆ ತುಂಬಿದ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲನ್ನು ನೀವು ಕಂಡಿರಬಹುದು. ದೊಡ್ಡ ದೀಪಗಳಿಂದ ಅದನ್ನು ಮಾಡಲಿಲ್ಲ. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಹಿಡಿದು ಒಳಗೆ ತಂದರು. ಸೂರ್ಯ ಯಾವ ಹೊತ್ತಿಗೆ ಎಲ್ಲಿರುತ್ತಾನೆಂಬುದನ್ನು ತಿಳಿದವನಿಗೆ ಮಾತ್ರ ಹೊಳೆಯುವ ಉಪಾಯವದು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ ನಮ್ಮಂಥವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ನಮ್ಮ ವಿದ್ಯಾರ್ಥಿಗಳ ಬಳಿ ಕನ್ನಡಿಯೂ ಇರಲಿಲ್ಲ, ಸೀಮೆಸುಣ್ಣವಿತ್ತು. ಚಿತ್ರೀಕರಣಕ್ಕೆ ಒಂದು ವಾರ ಮೊದಲಿನ ಭಾನುವಾರ ಸಂಜೆ ನಾಲ್ಕೂವರೆಯಿಂದ ಹತ್ತು ಹತ್ತು ನಿಮಿಷಕ್ಕೊಮ್ಮೆ, ನೆರಳಿನ ಅಂಚು ಎಲ್ಲಿದೆಯೆಂದು ನೆಲದ ಮೇಲೆ ಗೆರೆ ಎಳೆದರು. ಹಿಂದಿನ ಬೀದಿಯಲ್ಲಿ ಹೊಸದಾಗಿ ಎದ್ದಿದ್ದ ನಾಲ್ಕು ಅಂತಸ್ತಿನ ಕಟ್ಟಡದ ನೆರಳು ಐದು ಗಂಟೆಗೆ ರಸ್ತೆಯ ಈಚೆಯಂಚನ್ನು ಮುಟ್ಟಿತು; ಐದೂ ಇಪ್ಪತ್ತಕ್ಕೆ ಆಚೆಯಂಚನ್ನು ತಲುಪಿ ರಸ್ತೆಯನ್ನೆಲ್ಲ ಮುಚ್ಚಿತು. ಡೇರಿ ತೆರೆಯುವುದು ಐದಕ್ಕೆ. ಸಾಲಿನಲ್ಲಿ ನಿಂತು, ಹಾಲು ಅಳೆಸಿ ಅಜ್ಜಿ ಹಿಂದಿರುಗುವಾಗ ಐದೂಕಾಲು. ಆ ಹೊತ್ತಿಗೆ ಬಿಸಿಲು ಉಳಿದಿರುವುದು ರಸ್ತೆಯ ಆಚೆಯಂಚಿನಲ್ಲಿ ಒಂದು ಪಟ್ಟಿಯಷ್ಟು ಮಾತ್ರ. ದಾಟಲು ಕಾಯುತ್ತ ನಿಂತಾಗ ಆ ಪಟ್ಟಿಯಲ್ಲಿ ಅವಳ ಮುಖ ಬೆಳಗುತ್ತದೆ. ಒಂದು ಹೆಜ್ಜೆ ಇಟ್ಟಳೆಂದರೆ ನೆರಳು. ಮಗುವಿಗೆ ಅಜ್ಜಿ ಬಂದಳೆಂದು ಗೊತ್ತಾಗುವುದೂ ಸರಿಯಾಗಿ ಆ ಗಳಿಗೆಯಲ್ಲಿಯೇ. ಇದನ್ನು ಯಾರೂ ಕುಳಿತು ಕಲ್ಪಿಸಿರಲಿಲ್ಲ.

ಕೊನೆಗೆ ಪಟ್ಟಿ ಹದಿನಾಲ್ಕು ಚಿತ್ರಿಕೆಗಳಿಗೆ ಇಳಿಯಿತು. ತೆಗೆಯುವ ಅನುಕ್ರಮ ಬೇರೆ, ಚಿತ್ರದಲ್ಲಿ ಬರುವ ಅನುಕ್ರಮ ಬೇರೆ; ಕೊಟ್ಟಿಗೆಯ ನಾಲ್ಕನ್ನೂ ಒಟ್ಟಿಗೆ, ಜಗಲಿಯ ಮೇಲಿನ ಮಗುವಿನ ಮೂರನ್ನೂ ಒಟ್ಟಿಗೆ ತೆಗೆದು ಮುಗಿಸುವುದೆಂದಾಯಿತು. ಯ‌ಲಹಂಕದ ವಾಯುನೆಲೆಯೂ ದೇವನಹಳ್ಳಿಯ ನಿಲ್ದಾಣವೂ ಸಮೀಪವಿರುವುದರಿಂದ ಶಬ್ದಗ್ರಹಣದವನು ಆಕಾಶವನ್ನೇ ನೋಡುತ್ತ ಕುಳಿತಿರಬೇಕಾಯಿತೆಂಬುದು ಬೇರೆ ಮಾತು. ಹದಿನಾಲ್ಕರಲ್ಲಿ ಕ್ಯಾಮೆರಾ ನೆಲದ ಮೇಲೆ ಸರಿಯುವುದು ಒಂದರಲ್ಲಿ ಮಾತ್ರ. ಅಜ್ಜಿ ಮರಳುವಾಗ ಯಾವುದಾದರೊಂದು ವಾಹನ ಅಡ್ಡಬರುವುದು ನಿಶ್ಚಯ. ಅಡ್ಡಬಂದಾಗ ಮಗು ಏನು ಮಾಡುತ್ತದೆ? ಜಗಲಿ ಇಳಿಯುವಂತಿಲ್ಲ, ಕುಳಿತಲ್ಲಿಂದಲೇ ಪಕ್ಕಕ್ಕೆ ಸರಿದು ಇಣುಕುತ್ತದೆ. ಆದ್ದರಿಂದ ಕ್ಯಾಮೆರಾವೂ ಜಗಲಿಯ ಉದ್ದಕ್ಕೆ ಬಲಕ್ಕೆ ಮೂರು ಅಡಿ ಸರಿಯಬೇಕು. ಜಗಲಿಯ ಚಾಚಿನ ಆಚೆಗೆ ಅರ್ಧ ಅಡಿಯೂ ಹೋಗಕೂಡದು. ಟ್ರಾಲಿಗೆ ದುಡ್ಡಿರಲಿಲ್ಲ. 1960ರಲ್ಲಿ ತೆರೆಕಂಡ ಗೊದಾರ್ ಅವರ 'ಬ್ರೆತ್‌ಲೆಸ್' ಚಿತ್ರಕ್ಕೆ ಛಾಯಾಗ್ರಾಹಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿದರೆಂಬ ಕಥೆ ಹೇಳಿದೆ. ಇಲ್ಲಿ ಅದೂ ಬೇಕಾಗಲಿಲ್ಲ. ಜಗಲಿಯ ಗಾರೆ ನೆಲ ತಲೆಮಾರುಗಳ ಓಡಾಟದಿಂದ ಕನ್ನಡಿಯಂತೆ ನುಣುಪಾಗಿತ್ತು. ಒಂದು ಹಳೆಯ ಕಂಬಳಿಯನ್ನು ಮಡಿಸಿ, ಅದರ ಮೇಲೆ ಹುಡುಗನನ್ನು ಕ್ಯಾಮೆರಾದೊಂದಿಗೆ ಚಕ್ಕಳಮಕ್ಕಳ ಕೂರಿಸಿ, ಇಬ್ಬರು ಮೆಲ್ಲನೆ ಎಳೆಯುವುದೆಂದು ಗೊತ್ತುಮಾಡಿದರು. ಎಳೆಯುವುದನ್ನು ಇಪ್ಪತ್ತು ಸಲವಾದರೂ ಅಭ್ಯಾಸ ಮಾಡಿದರು. ಕಂಬಳಿಗೆ ರಸ್ತೆ ದಾಟುವ ಅಪಾಯವಿರಲಿಲ್ಲವಲ್ಲ.

ಶನಿವಾರ ಸಂಜೆ ಡೇರಿಯ ಬಾಗಿಲಲ್ಲಿ ಯಾರೋ ಪರಿಚಯದವರು ಸಿಕ್ಕಿ, ಮದುವೆಯ ಮಾತಿಗೆ ನಿಂತ ಅಜ್ಜಿ ಮರಳಿದ್ದು ಐದೂ ನಲವತ್ತಕ್ಕೆ. ಬಿಸಿಲಿನ ಪಟ್ಟಿ ಯಾವಾಗಲೋ ಹೋಗಿತ್ತು. ಬೇಗ ಬಾ ಎಂದು ಆಕೆಗೆ ಹೇಳೋಣವೆಂದು ಒಬ್ಬ ಅಂದ. ಹೇಳಕೂಡದೆಂದು ಮೊಮ್ಮಗಳೇ ತಡೆದಳು.

ಭಾನುವಾರ ಸಂಜೆ ನಾನೂ ಹೋಗಿದ್ದೆ. ಐದೂ ಹದಿಮೂರಕ್ಕೆ ಅಜ್ಜಿ ಬರಿದಾದ ಕ್ಯಾನಿನೊಂದಿಗೆ ಡೇರಿಯಿಂದ ಹೊರಬಂದಳು. ಕ್ಯಾಮೆರಾ ಓಡುತ್ತಿತ್ತು. ಆಕೆ ರಸ್ತೆಯಂಚಿಗೆ ಬಂದು ನಿಲ್ಲಲು ಇನ್ನೆರಡು ಹೆಜ್ಜೆ ಇರುವಾಗ ನೀರಿನ ಟ್ಯಾಂಕರೊಂದು ಬಂದು, ಎದುರಿನ ವಾಹನಕ್ಕೆ ದಾರಿ ಬಿಡಲೆಂದು ಸರಿಯಾಗಿ ನಮ್ಮ ಮುಂದೆಯೇ ನಿಂತಿತು. ಹುಡುಗಿ ಕೈಸನ್ನೆ ಮಾಡಿದಳು, ಕಂಬಳಿ ಸರಿಯಿತು. ಮೂರು ಅಡಿ ಸರಿದು, ಟ್ಯಾಂಕರಿನ ಬೆನ್ನಿನಾಚೆ ರಸ್ತೆಯ ಅಂಚು ಕಂಡಾಗ ಬಿಸಿಲಿನ ಪಟ್ಟಿ ಅಲ್ಲಿಯೇ ಇತ್ತು. ಅದರಲ್ಲಿ ಯಾರೂ ಇರಲಿಲ್ಲ. ನಾಲ್ಕೈದು ಸೆಕೆಂಡುಗಳ ಕಾಲ ಖಾಲಿ ಬಿಸಿಲು. ಜಗಲಿಯ ಮೇಲಿದ್ದ ನಾವಾರೂ ಉಸಿರಾಡಲಿಲ್ಲ. ಆಮೇಲೆ ಟ್ಯಾಂಕರಿನ ಇನ್ನೊಂದು ತುದಿಯಿಂದ, ಅದರ ಮೂತಿಯ ಮುಂದೆ ಕೈ ಎತ್ತಿ ಚಾಲಕನಿಗೆ ಏನೋ ಅನ್ನುತ್ತ, ಅಜ್ಜಿ ನೆರಳಿನಲ್ಲಿ ನಮ್ಮೆದುರಿಗೇ ಬಂದುಬಿಟ್ಟಳು. ಹುಡುಗ ಗಾಬರಿಯಿಂದ ಕ್ಯಾಮೆರಾವನ್ನು ಎಡಕ್ಕೆ ತಿರುಗಿಸಿದ, ಅದು ಪಟ್ಟಿಯಲ್ಲಿರಲಿಲ್ಲ.

ಮೊಮ್ಮಗಳ ಕಣ್ಣಲ್ಲಿ ನೀರಿತ್ತು. ಬಿಸಿಲಿನಲ್ಲಿ ಬೆಳಗುವ ಮುಖಕ್ಕಾಗಿ ಮೂರು ವಾರ ಕಾದಿದ್ದಳು. ಅಜ್ಜಿ ಕ್ಯಾನನ್ನು ಜಗಲಿಯ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಸಂಗತಿ ಏನೆಂದು ಕೇಳಿದಳು. ಹೇಳಿದರು. 'ಅಯ್ಯೋ, ಅದಕ್ಯಾಕಮ್ಮಿ ಅಳ್ತೀಯ? ನಾಳೀಕೂ ಹಾಲು ಹಾಕ್ಲೇಬೇಕಲ್ಲ, ನಾಳೆ ಬನ್ನಿ' ಎಂದಳು.

ಕ್ಯಾಮೆರಾವನ್ನು ಆ ರಾತ್ರಿಯೇ ಹಿಂದಿರುಗಿಸಬೇಕಾಗಿತ್ತು. ಚಿತ್ರ ಆ ಖಾಲಿ ಬಿಸಿಲಿನೊಂದಿಗೇ ಸಿದ್ಧವಾಯಿತು.